ಜನ ನೋಡುವುದು ನಿಜ: ಕೂದಲು ಉದುರಿದವರ ಆತಂಕಕ್ಕೆ ಮೈಂಡ್‌ಫುಲ್‌ನೆಸ್

(ಭಾನುವಾರ ಬೆಳಿಗ್ಗೆ ಗ್ರಂಥಾಲಯದ ಸಭಾಂಗಣದಲ್ಲಿ ಆಡಿದ ಮಾತುಗಳ ಬರಹ ರೂಪ. ಸಭೆಯಿಂದ ಬಂದ ಎರಡು ಪ್ರಶ್ನೆಗಳನ್ನು ಕೊನೆಯಲ್ಲಿ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಇಲ್ಲಿ ಕ್ಯಾಪ್ ಹಾಕಿಕೊಂಡು ಬಂದವರಿದ್ದೀರಿ, ದುಪಟ್ಟಾ ಸುತ್ತಿಕೊಂಡು ಬಂದವರಿದ್ದೀರಿ, ಏನೂ ಇಲ್ಲದೆ ಹಾಗೇ ಬಂದವರೂ ಇದ್ದೀರಿ. ಯಾರಿಗೆ ಹೇಗೆ ಅನುಕೂಲವೋ ಹಾಗೇ ಇರಿ. ಫ್ಯಾನಿನ ಕೆಳಗಿನ ಎರಡು ಸಾಲು ಪೂರ್ತಿ ಖಾಲಿ ಉಳಿದಿದೆ. ಯಾಕೆ ಅಂತ ನನಗೂ ಗೊತ್ತು, ನಿಮಗೂ ಗೊತ್ತು. ಗಾಳಿಗೆ ಕೂದಲು ಸರಿದರೆ ಮುಚ್ಚಿಟ್ಟದ್ದು ಕಾಣುತ್ತದೆ. ಈ ಸೆಕೆಯಲ್ಲೂ ಫ್ಯಾನ್ ಬಿಟ್ಟು ಮೂಲೆ ಹುಡುಕುವ ಆ ಲೆಕ್ಕಾಚಾರದ ಬಗ್ಗೆಯೇ ಇವತ್ತು ಮಾತಾಡಬೇಕು ಅಂತ ಬಂದಿದ್ದೇನೆ.

ನಾನು ಆಪ್ತ ಸಮಾಲೋಚಕಿ. ಚರ್ಮದ ಡಾಕ್ಟರ್ ಅಲ್ಲ. ಕೂದಲು ಬರಿಸುವ ದಾರಿ ನನ್ನ ಹತ್ತಿರ ಇಲ್ಲ. ಆದರೆ ಮೊದಲು ಚರ್ಮದ ಡಾಕ್ಟರ್ ಹತ್ತಿರ ಹೋಗಿ ಬನ್ನಿ ಅಂತ ಪ್ರತಿಯೊಬ್ಬರಿಗೂ ಹೇಳುತ್ತೇನೆ. ಯಾಕೆಂದರೆ ಎಲ್ಲ ಉದುರುವಿಕೆಯೂ ಒಂದೇ ಅಲ್ಲ. ಡೆಂಗಿ, ಟೈಫಾಯ್ಡ್, ಹೆರಿಗೆ, ದೊಡ್ಡ ಆಪರೇಷನ್ ಆದ ಎರಡು ಮೂರು ತಿಂಗಳಿಗೆ ಕೂದಲು ಕೈತುಂಬ ಬರುವುದುಂಟು. ಅದು ಸಾಮಾನ್ಯವಾಗಿ ತಾನಾಗಿಯೇ ನಿಲ್ಲುತ್ತದೆ. ಥೈರಾಯ್ಡ್ ತೊಂದರೆ ಅಥವಾ ಕಬ್ಬಿಣದ ಕೊರತೆ ಇದ್ದರೆ ರಕ್ತಪರೀಕ್ಷೆಯಲ್ಲಿ ಗೊತ್ತಾಗುತ್ತದೆ. ಅಪ್ಪ, ತಾತನಿಂದ ಬರುವ ಬೊಕ್ಕತಲೆ ಬೇರೆ, ಕೀಮೋ ಸಮಯದಲ್ಲಿ ಹೋಗುವ ಕೂದಲು ಬೇರೆ.

ನಾನು ಜಾಸ್ತಿ ಮಾತಾಡುವುದು ಅಲೋಪೇಶಿಯಾ ಏರಿಯೇಟಾ ಇರುವವರ ಬಗ್ಗೆ. ನಾಣ್ಯದಗಲ ಕೂದಲು ಹೋಗಿ ಚರ್ಮ ನುಣ್ಣಗೆ ಕಾಣುತ್ತದಲ್ಲ, ಅದು. ಊರಲ್ಲಿ 'ಹುಳ ತಿಂದಿದೆ' ಅನ್ನುತ್ತಾರೆ. ಅಲ್ಲಿ ಯಾವ ಹುಳವೂ ಇಲ್ಲ. ಅದು ಯಾರಿಗೂ ಅಂಟುವುದೂ ಇಲ್ಲ. ನಮ್ಮ ಮೈಯನ್ನು ಕಾಯಬೇಕಾದ ರೋಗನಿರೋಧಕ ಕಣಗಳೇ ಕೂದಲಿನ ಬುಡದ ಮೇಲೆ ಬೀಳುತ್ತವೆ. ನೂರು ಜನರಲ್ಲಿ ಸುಮಾರು ಇಬ್ಬರಿಗೆ ಜೀವನದಲ್ಲಿ ಯಾವಾಗಲಾದರೂ ಇದು ಬರುತ್ತದೆ. ಕೆಲವರಿಗೆ ಇಡೀ ತಲೆ ಖಾಲಿಯಾಗುತ್ತದೆ. ಹುಬ್ಬು, ರೆಪ್ಪೆಯೂ ಹೋಗುತ್ತವೆ. ಬುಡ ಮಾತ್ರ ಸಾಯುವುದಿಲ್ಲ. ಹಾಗಾಗಿ ಕೂದಲು ಮತ್ತೆ ಬರಬಹುದು, ಬಂದದ್ದು ಮತ್ತೆ ಹೋಗಲೂಬಹುದು. ತೀವ್ರವಾಗಿರುವವರಿಗೆ ಬಾರಿಸಿಟಿನಿಬ್ ಅನ್ನುವ ಮಾತ್ರೆಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2022ರ ಜೂನ್‌ನಲ್ಲಿ ಒಪ್ಪಿಗೆ ಕೊಟ್ಟಿತು. ಅದು ಯಾರಿಗೆ ಸರಿ, ಯಾರಿಗೆ ಬೇಡ ಅನ್ನುವುದನ್ನು ಡಾಕ್ಟರೇ ಹೇಳಬೇಕು.

ಇನ್ನೊಂದು ಮಾತು. 'ಟೆನ್ಷನ್ ಮಾಡ್ಕೋತೀಯ, ಅದಕ್ಕೇ ಉದುರ್ತಿದೆ' ಅಂತ ಹೇಳುವವರು ಪ್ರತಿ ಮನೆಯಲ್ಲೂ ಇದ್ದಾರೆ. ದಯವಿಟ್ಟು ಹಾಗೆ ಹೇಳಬೇಡಿ. ಕೂದಲು ಹೋದ ನೋವಿನ ಮೇಲೆ 'ಇದು ನನ್ನಿಂದಲೇ ಆಯ್ತು' ಅನ್ನುವ ಹೊರೆಯನ್ನೂ ಹೊರಿಸಿದ ಹಾಗಾಗುತ್ತದೆ. ಇವತ್ತು ನಾನು ಮೈಂಡ್‌ಫುಲ್‌ನೆಸ್, ಅಂದರೆ ಈ ಕ್ಷಣದಲ್ಲಿ ಏನಿದೆಯೋ ಅದನ್ನು ತೀರ್ಪು ಕೊಡದೆ ಗಮನಿಸುವ ಅಭ್ಯಾಸದ ಬಗ್ಗೆ ಮಾತಾಡುತ್ತಿರುವುದನ್ನೂ 'ಮನಸ್ಸು ಶಾಂತವಾದ್ರೆ ಕೂದಲು ಬರುತ್ತೆ' ಅಂತ ಕೇಳಿಸಿಕೊಳ್ಳಬೇಡಿ. ನಾನು ಆ ಭರವಸೆ ಕೊಡುತ್ತಿಲ್ಲ.

ಹಾಗಾದರೆ ಏನು ಕೊಡುತ್ತಿದ್ದೇನೆ? ಅದಕ್ಕೆ ಮೊದಲು ಈ ಭಯ ಏನೇನನ್ನು ಕಿತ್ತುಕೊಳ್ಳುತ್ತದೆ ಅಂತ ನೋಡೋಣ.

ಆಫೀಸಿನ ಪಾರ್ಕಿಂಗ್‌ನಲ್ಲಿ ಬೈಕ್ ನಿಲ್ಲಿಸಿ, ಹೆಲ್ಮೆಟ್ ತೆಗೆಯದೆ ಲಿಫ್ಟ್ ಹತ್ತುವ ಹುಡುಗರಿದ್ದಾರೆ. ಕೆಳಗೇ ತೆಗೆದರೆ ಅಂಟಿಕೊಂಡ ಕೂದಲಿನ ನಡುವೆ ತಲೆ ಕಾಣುತ್ತದೆ. ಮೇಲೆ ಬಾತ್‌ರೂಮಿಗೆ ಹೋಗಿ, ಬಾಚಿ ಸರಿಮಾಡಿಕೊಂಡ ಮೇಲೆಯೇ ಸೀಟಿಗೆ. ಗ್ರೂಪ್ ಫೋಟೋ ಅಂದ ಕೂಡಲೇ 'ನಾನೇ ತೆಗೀತೀನಿ' ಅಂತ ಮೊಬೈಲ್ ಇಸ್ಕೊಳ್ಳುವವರಿದ್ದಾರೆ. ಮಳೆ ಬಂದರೆ ಭಯ. ಈಜು ಬಿಟ್ಟಾಯಿತು. ಹೇರ್ ಕಟಿಂಗ್ ಶಾಪಿಗೆ ಹೋಗುವುದನ್ನೂ ಬಿಟ್ಟಾಯಿತು, ಯಾಕೆಂದರೆ ಅಲ್ಲಿ ಎರಡೂ ಕಡೆ ಕನ್ನಡಿ.

ಹೆಂಗಸರಿಗೆ ಇದು ಇನ್ನೂ ಕಷ್ಟ. ಅರಿಶಿನ ಕುಂಕುಮಕ್ಕೆ ಕರೆದ ಮನೆಯಲ್ಲಿ ತಟ್ಟೆಯಲ್ಲಿ ಹೂವೂ ಬರುತ್ತದೆ. ಕುಂಕುಮ ಇಟ್ಟುಕೊಂಡದ್ದಾಯಿತು. ಅರ್ಧ ಮೊಳ ಮಲ್ಲಿಗೆ ಕೈಯಲ್ಲಿದೆ. ಅದನ್ನು ಸಿಕ್ಕಿಸಲು ಜಡೆ ಇಲ್ಲ, ಪಿನ್ ಹಿಡಿಯುವಷ್ಟು ಕೂದಲಿಲ್ಲ. ವಿಗ್ ಹಾಕಿದ್ದರೆ ಪಿನ್ ಎಳೆದು ಅದು ಸರಿದೀತು ಅನ್ನುವ ಭಯ. ಎದುರಿಗೆ ಐದಾರು ಜನ ಕಾಯುತ್ತಿದ್ದಾರೆ. 'ಮುಡ್ಕೊಳ್ಳಮ್ಮ' ಅಂತ ಯಾರೋ ಪ್ರೀತಿಯಿಂದಲೇ ಹೇಳುತ್ತಾರೆ. ಹೂವನ್ನು ಕಣ್ಣಿಗೊತ್ತಿಕೊಂಡು ಬ್ಯಾಗಿಗೆ ಹಾಕಿದರೆ ಅದಕ್ಕೂ ಒಂದು ಪ್ರಶ್ನೆ. ಇಷ್ಟೆಲ್ಲ ಆಗುವುದು ಅರ್ಧ ನಿಮಿಷದಲ್ಲಿ. ಆದರೆ ಆ ಅರ್ಧ ನಿಮಿಷಕ್ಕೆ ಹೆದರಿ ನವರಾತ್ರಿಯಲ್ಲಿ ಒಬ್ಬರ ಮನೆಗೂ ಹೋಗದೆ ಉಳಿದವರನ್ನು ನಾನು ಬಲ್ಲೆ.

ತಲೆ ಪೂರ್ತಿ ಬೋಳಾದವರಿಗೆ 'ತಿರುಪತಿಗೆ ಹೋಗಿದ್ರಾ?' ಅನ್ನುವ ಪ್ರಶ್ನೆ ಗ್ಯಾರಂಟಿ. ಮುಡಿ ಕೊಡುವುದು ನಮ್ಮಲ್ಲಿ ಹರಕೆ. ಅದರಲ್ಲಿ ಗೌರವ ಇದೆ. ಆದರೆ ಗಂಡ ತೀರಿಕೊಂಡ ಹೆಣ್ಣಿನ ತಲೆ ಬೋಳಿಸುತ್ತಿದ್ದ ಪದ್ಧತಿಯ ನೆನಪೂ ನಮ್ಮ ಸಮಾಜದಲ್ಲಿ ಇನ್ನೂ ಪೂರ್ತಿ ಹೋಗಿಲ್ಲ. ಕೂದಲಿಲ್ಲದ ಹೆಣ್ಣನ್ನು ನೋಡಿ ಕೆಲವು ಹಿರಿಯರ ಮುಖ ಬಾಡುವುದು ಆ ನೆನಪಿನಿಂದ. ಅದು ಆಕೆಗೂ ತಿಳಿಯುತ್ತದೆ.

ಹುದ್ದೆ ದೊಡ್ಡದಾದರೆ ಈ ಭಯ ಕಡಿಮೆಯಾಗುತ್ತದೆ ಅಂತೇನೂ ಇಲ್ಲ. ಅಮೆರಿಕದ ಸಂಸದೆ ಅಯಾನಾ ಪ್ರೆಸ್ಲಿ ತಮಗೆ ಅಲೋಪೇಶಿಯಾ ಇರುವುದನ್ನು 2020ರ ಜನವರಿಯಲ್ಲಿ ಬಹಿರಂಗವಾಗಿ ಹೇಳಿದರು. ಅವರ ತಲೆಯ ಕೊನೆಯ ಕೂದಲು ಹೋದದ್ದು ಅಧ್ಯಕ್ಷ ಟ್ರಂಪ್ ಮೇಲಿನ ವಾಗ್ದಂಡನೆಯ ಮತದಾನದ ಹಿಂದಿನ ದಿನ. ವಿಗ್ ಹಾಕಿಕೊಂಡು ಸದನಕ್ಕೆ ಹೋದರು, ಮತ ಹಾಕಿದರು, ಆಮೇಲೆ ಟಾಯ್ಲೆಟ್ಟಿಗೆ ಹೋಗಿ ಅಡಗಿ ನಿಂತರು. ಇದನ್ನು ಅವರೇ ಹೇಳಿಕೊಂಡಿದ್ದಾರೆ.

ಈಗ ಈ ಭಯ ಒಳಗೆ ಹೇಗೆ ಕೆಲಸ ಮಾಡುತ್ತದೆ ಅಂತ ನೋಡೋಣ. ಡೇವಿಡ್ ಕ್ಲಾರ್ಕ್ ಮತ್ತು ಏಡ್ರಿಯನ್ ವೆಲ್ಸ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು 1995ರಲ್ಲಿ ಸಾಮಾಜಿಕ ಆತಂಕದ, ಅಂದರೆ ಜನರ ಎದುರು ಬರುವ ಇಂಥ ಭಯದ ಒಂದು ವಿವರಣೆ ಕೊಟ್ಟರು. ಅದು ಇವತ್ತಿಗೂ ಉಪಯೋಗಕ್ಕೆ ಬರುತ್ತಿದೆ. ಅವರು ಹೇಳಿದ್ದು ಇಷ್ಟು. ಹೆದರಿದವರ ಗಮನ ಎದುರಿನವರ ಮೇಲೆ ಇರುವುದಿಲ್ಲ, ಪೂರ್ತಿ ತಮ್ಮ ಮೇಲೆ ತಿರುಗಿರುತ್ತದೆ. ನಾನು ಹೇಗೆ ಕಾಣ್ತಿದ್ದೀನಿ? ಬೆವರ್ತಿದ್ದೀನಾ? ಒಳಗೇ ತಮ್ಮದೊಂದು ಚಿತ್ರ ಬಿಡಿಸಿಕೊಂಡು, ಎಲ್ಲರಿಗೂ ಅದೇ ಕಾಣುತ್ತಿದೆ ಅಂತ ನಂಬುತ್ತಾರೆ. ಕ್ಯಾಪು, ಮೂಲೆ, ಬಗ್ಗಿಸಿದ ತಲೆ, ಇವೆಲ್ಲ ರಕ್ಷಣೆಗೆ ಅಂತ ಮಾಡುವ ಕೆಲಸಗಳು. ಇವುಗಳಿಂದಾಗಿ ಭಯ ಸುಳ್ಳು ಅಂತ ಗೊತ್ತಾಗುವ ಅವಕಾಶವೇ ಬರುವುದಿಲ್ಲ. ಏನೂ ಆಗದಿದ್ದರೆ 'ಕ್ಯಾಪ್ ಇತ್ತು, ಅದಕ್ಕೇ ಬಚಾವಾದೆ' ಅನಿಸುತ್ತದೆ. ಮನೆಗೆ ಬಂದ ಮೇಲೆ ರಾತ್ರಿಯೆಲ್ಲ ಅದೇ ಯೋಚನೆ. ಹಲ್ಲಿನ ಸಂದಿಯಲ್ಲಿ ಸಿಕ್ಕ ಅಡಿಕೆ ಚೂರಿಗೆ ನಾಲಿಗೆ ಮತ್ತೆ ಮತ್ತೆ ಹೋದ ಹಾಗೆ, ಮನಸ್ಸು ಆ ಒಂದು ನೋಟಕ್ಕೇ ಹೋಗುತ್ತಿರುತ್ತದೆ.

1980ರಲ್ಲಿ ಅಮೆರಿಕದ ಡಾರ್ಟ್‌ಮತ್ ಕಾಲೇಜಿನಲ್ಲಿ ಕ್ಲೆಕ್ ಮತ್ತು ಸ್ಟ್ರೆಂಟಾ ಅನ್ನುವವರು ಒಂದು ಪ್ರಯೋಗ ಮಾಡಿದರು. ಮೇಕಪ್ಪಿನಿಂದ ಕೆಲವರ ಮುಖದ ಮೇಲೆ ಗಾಯದ ಗುರುತು ಬರೆದು ಕನ್ನಡಿಯಲ್ಲಿ ತೋರಿಸಿದರು. ಆಮೇಲೆ, ಅದು ಒಣಗಿ ಬಿರಿಯದಂತೆ ಕ್ರೀಮ್ ಹಚ್ಚುತ್ತೇವೆ ಅಂತ ಹೇಳಿ ಅವರಿಗೆ ಗೊತ್ತಾಗದ ಹಾಗೆ ಗುರುತನ್ನು ಅಳಿಸಿಬಿಟ್ಟರು. ಅವರು ಹೋಗಿ ಇನ್ನೊಬ್ಬರ ಜೊತೆ ಮಾತಾಡಿ ಬಂದರು. ಬಂದು ಹೇಳಿದ್ದೇನು? ಎದುರಿನವರು ನನ್ನ ಮುಖದ ಗಾಯ ನೋಡಿ ಮುಜುಗರಪಟ್ಟರು, ಸರಿಯಾಗಿ ನಡೆದುಕೊಳ್ಳಲಿಲ್ಲ ಅಂತ. ಮುಖದ ಮೇಲೆ ಗಾಯವೇ ಇರಲಿಲ್ಲ!

ಈ ಪ್ರಯೋಗದ ಬಗ್ಗೆ ಹೇಳಿ, 'ನೋಡಿ, ಯಾರೂ ನಿಮ್ಮನ್ನ ನೋಡಲ್ಲ, ಎಲ್ಲ ನಿಮ್ಮ ಭ್ರಮೆ' ಅಂತ ಮುಗಿಸುವವರಿದ್ದಾರೆ. ನಾನು ಅದನ್ನು ಒಪ್ಪುವುದಿಲ್ಲ. ಡಾರ್ಟ್‌ಮತ್‌ನವರ ಮುಖದ ಮೇಲೆ ಗುರುತು ಇರಲಿಲ್ಲ. ನಿಮ್ಮ ತಲೆಯಲ್ಲಿ ಕೂದಲು ನಿಜವಾಗಿಯೂ ಇಲ್ಲ. ಬಸ್ಸಿನಲ್ಲಿ ಜನ ತಿರುಗಿ ನೋಡುತ್ತಾರೆ. ಮಕ್ಕಳು ಬೆರಳು ತೋರಿಸುತ್ತವೆ. 'ಏನಾಯ್ತು, ಕ್ಯಾನ್ಸರ್ರಾ?' ಅಂತ ಪರಿಚಯ ಇಲ್ಲದವರೂ ಕೇಳುತ್ತಾರೆ. ಇದನ್ನು ದಿನಾ ಅನುಭವಿಸುವವರಿಗೆ 'ಯಾರೂ ನೋಡಲ್ಲ' ಅಂದರೆ ಸುಳ್ಳು ಹೇಳಿದಂತೆ. ಅವರು ಮತ್ತೆ ನಿಮ್ಮ ಹತ್ತಿರ ಬರುವುದಿಲ್ಲ.

ಮನೋವೈದ್ಯರು ಕಾಯಿಲೆ ಗುರುತಿಸಲು ಬಳಸುವ ಪುಸ್ತಕದಲ್ಲೂ ಈ ತೊಡಕಿದೆ. 2013ರಲ್ಲಿ ಬಂದ ಡಿಎಸ್‌ಎಂ-5ರ ಪ್ರಕಾರ, ಸುಟ್ಟಗಾಯದಿಂದ ರೂಪ ಬದಲಾಗುವಂಥ ದೇಹದ ತೊಂದರೆ ಇರುವವರಲ್ಲಿ ಸಾಮಾಜಿಕ ಆತಂಕ ಅಂತ ಗುರುತಿಸಬೇಕಾದರೆ, ಆ ಭಯಕ್ಕೂ ದೇಹದ ತೊಂದರೆಗೂ ಸಂಬಂಧ ಇರಬಾರದು ಅಥವಾ ಭಯ ಅತಿಯಾಗಿರಬೇಕು. ಕೂದಲು ಹೋದವರ ಭಯ ಎಷ್ಟಾದರೆ ಅತಿ? ಇದನ್ನು ಅಳೆಯುವವರು ಯಾರು? ಹೀಗಾಗಿ ಎಷ್ಟೋ ಜನರಿಗೆ 'ಪಾಪ, ಸಹಜ ಅಲ್ವಾ' ಅನ್ನುವ ಮಾತಷ್ಟೇ ಸಿಗುತ್ತದೆ. ಸಹಾಯ ಸಿಗುವುದಿಲ್ಲ.

ಮೈಂಡ್‌ಫುಲ್‌ನೆಸ್ ನನಗೆ ಹಿಡಿಸಿದ್ದು ಇಲ್ಲೇ. ಜನ ನೋಡುವುದಿಲ್ಲ ಅಂತ ಅದು ವಾದ ಮಾಡುವುದಿಲ್ಲ. ನೋಡಿದರು, ಹೌದು. ಎದೆ ಬಡಿಯಿತು, ಹೌದು. 'ಅಸಹ್ಯ ಅಂದುಕೊಂಡಿರ್ತಾರೆ' ಅನ್ನುವ ಯೋಚನೆ ಬಂತು, ಹೌದು. ನೋಟ ಒಂದು, ಎದೆಬಡಿತ ಒಂದು, ಯೋಚನೆ ಇನ್ನೊಂದು. ಮೂರೂ ಒಂದೇ ಮುದ್ದೆಯಾಗಿದ್ದಾಗ ಓಡಿಹೋಗುವುದೊಂದೇ ದಾರಿ. ಬಿಡಿಬಿಡಿಯಾಗಿ ಕಂಡರೆ ಅಲ್ಲೇ ನಿಂತು ಊಟ ಮುಗಿಸಲು ಆಗುತ್ತದೆ. ಆ ನೋಟ ಮೂರು ಸೆಕೆಂಡಿನದು. ಅದಕ್ಕೆ ಮುಂಚಿನ ಎರಡು ದಿನದ ಕಳವಳ, ಆಮೇಲಿನ ನಿದ್ದೆಯಿಲ್ಲದ ರಾತ್ರಿ, ಇವು ನಾವು ವಾಪಸ್ ಪಡೆಯಬಹುದಾದ ಸಮಯ.

ಇದರ ಬೇರು ಬೌದ್ಧ ಧ್ಯಾನದಲ್ಲಿದೆ. ಆಸ್ಪತ್ರೆಗೆ ತಂದವರು ಜಾನ್ ಕಬಾಟ್-ಜಿನ್, 1979ರಲ್ಲಿ, ಮಸಾಚುಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರದಲ್ಲಿ. ಆಮೇಲೆ ಸೀಗಲ್, ವಿಲಿಯಮ್ಸ್, ಟೀಸ್‌ಡೇಲ್ ಎಂಬ ಮೂವರು ಇದನ್ನು ಸಿಬಿಟಿ ಅನ್ನುವ, ಯೋಚನೆ ಮತ್ತು ನಡವಳಿಕೆಯ ರೂಢಿಗಳನ್ನು ಮಾತಿನ ಮೂಲಕ ಬದಲಿಸುವ ಚಿಕಿತ್ಸೆಯ ಜೊತೆ ಸೇರಿಸಿ, ಮತ್ತೆ ಮತ್ತೆ ಖಿನ್ನತೆ ಬರುವವರಿಗಾಗಿ 8 ವಾರದ ಕಾರ್ಯಕ್ರಮ ಮಾಡಿದರು. ಅದನ್ನು ಎಂಬಿಸಿಟಿ ಅನ್ನುತ್ತಾರೆ. ವಾರಕ್ಕೊಮ್ಮೆ ಸುಮಾರು ಎರಡು ಗಂಟೆ ಗುಂಪಿನಲ್ಲಿ ಕೂರಬೇಕು, ಉಳಿದ ದಿನ ಮನೆಯಲ್ಲಿ ಅಭ್ಯಾಸ.

ಇಂಗ್ಲೆಂಡಿನ ಶೆಫೀಲ್ಡ್ ವಿಶ್ವವಿದ್ಯಾಲಯದ ಸಂಶೋಧಕರು ಇದನ್ನು ಅಲೋಪೇಶಿಯಾ ಏರಿಯೇಟಾ ಇರುವವರ ಸಾಮಾಜಿಕ ಆತಂಕಕ್ಕೇ ಬಳಸಿ ನೋಡಿ, 2022ರಲ್ಲಿ ಪ್ರಕಟಿಸಿದರು. ಅವರಲ್ಲಿ ಆತಂಕ ಇಳಿದ ಸೂಚನೆ ಸಿಕ್ಕಿತು. ಆದರೆ ಅದು ಬೆರಳೆಣಿಕೆಯ ಜನರ ಒಂದೇ ಗುಂಪು. ಪಕ್ಕದಲ್ಲಿಟ್ಟು ಹೋಲಿಸಲು ಇನ್ನೊಂದು ಗುಂಪು ಇರಲಿಲ್ಲ. ಇದನ್ನು ಪೂರ್ತಿ ಸಾಬೀತಾದ ಚಿಕಿತ್ಸೆ ಅನ್ನಲು ಬರುವುದಿಲ್ಲ. ಇನ್ನೂ ಒಂದು ವಿಷಯ ಮುಚ್ಚಿಡಬಾರದು. ಇಂಗ್ಲೆಂಡಿನಲ್ಲಿ ಚಿಕಿತ್ಸೆಗಳ ಬಗ್ಗೆ ಸಲಹೆ ಕೊಡುವ ನೈಸ್ ಸಂಸ್ಥೆ 2013ರಲ್ಲಿ, ಸಾಮಾಜಿಕ ಆತಂಕಕ್ಕೆ ಮೊದಲು ಸಿಬಿಟಿ ಕೊಡಿ, ಮೈಂಡ್‌ಫುಲ್‌ನೆಸ್ಸನ್ನು ಎಲ್ಲರಿಗೂ ರೂಢಿಯಂತೆ ಕೊಡಬೇಡಿ ಅಂತ ಹೇಳಿತು. ಆಮೇಲೆ 2016ರಲ್ಲಿ ಫಿಲಿಪ್ ಗೋಲ್ಡಿನ್ ಮತ್ತು ಜೊತೆಗಾರರು ಗುಂಪಿನಲ್ಲಿ ಕೊಡುವ ಸಿಬಿಟಿಯನ್ನೂ ಮೈಂಡ್‌ಫುಲ್‌ನೆಸ್ ತರಬೇತಿಯನ್ನೂ ಹೋಲಿಸಿದಾಗ ಎರಡೂ ಹೆಚ್ಚುಕಡಿಮೆ ಸಮವಾಗಿ ಕೆಲಸ ಮಾಡಿದ್ದವು. ನನ್ನ ಅಭಿಪ್ರಾಯ ಇಷ್ಟೇ. ಒಳ್ಳೆಯ ಸಿಬಿಟಿ ಚಿಕಿತ್ಸಕರು ಸಿಕ್ಕರೆ ಬಿಡಬೇಡಿ, ಇದನ್ನು ಅದರ ಜೊತೆಗಿಟ್ಟುಕೊಳ್ಳಿ.

ಅಭ್ಯಾಸದ ಬಗ್ಗೆ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಮೊದಲ ವಾರ ಒಂದು ಒಣದ್ರಾಕ್ಷಿ ಕೈಗೆ ಕೊಟ್ಟು, ನೋಡಿ, ಮುಟ್ಟಿ, ಮೂಸಿ, ನಿಧಾನವಾಗಿ ತಿನ್ನಲು ಹೇಳುತ್ತಾರೆ. ಕೆಲವರಿಗೆ ಇದು ಮಕ್ಕಳಾಟ ಅನಿಸುತ್ತದೆ. ಗಮನವನ್ನು ನಾವೇ ಒಂದು ಕಡೆ ಇಡಬಹುದು ಅಂತ ತಿಳಿಯಲು ಅದು ಸುಲಭದ ದಾರಿ. ಆಮೇಲೆ ಬಾಡಿ ಸ್ಕ್ಯಾನ್. ಮಲಗಿಕೊಂಡು ಕಾಲ್ಬೆರಳಿನಿಂದ ಶುರುಮಾಡಿ ಮೈಯ ಒಂದೊಂದೇ ಭಾಗಕ್ಕೆ ಗಮನ ಕೊಡುತ್ತಾ ಮೇಲೆ ಬರುವುದು. ಕೂದಲು ಕಳೆದುಕೊಂಡವರಿಗೆ ಇದರಲ್ಲಿ ಒಂದು ಕಷ್ಟದ ಜಾಗ ಇದೆ. ಕತ್ತಿನ ತನಕ ಸರಾಗ. ತಲೆಗೆ ಬಂದಾಗ ಉಸಿರು ಬಿಗಿಯಾಗುತ್ತದೆ. ಒಬ್ಬರಂತೂ ಅಲ್ಲಿಗೆ ಬಂದ ಕೂಡಲೇ ಕಣ್ಣು ಬಿಟ್ಟು ಎದ್ದು ಕೂರುತ್ತಿದ್ದರು. ಆ ತಲೆಯನ್ನು ಅವರು ದಿನಕ್ಕೆ ಎಷ್ಟೋ ಸಲ ಕನ್ನಡಿಯಲ್ಲಿ, ಮೊಬೈಲ್ ಕ್ಯಾಮೆರಾದಲ್ಲಿ ನೋಡುತ್ತಿದ್ದರು. ಕಣ್ಣು ಮುಚ್ಚಿ ಅಲ್ಲಿ ಏನು ಗೊತ್ತಾಗುತ್ತದೆ ಅಂತ ಗಮನಿಸಿದ್ದು ಮಾತ್ರ ಒಂದು ಸಲವೂ ಇಲ್ಲ. ಒತ್ತಾಯ ಮಾಡಲಿಲ್ಲ. ಕಿವಿಯ ಹಿಂದೆ ನಿಲ್ಲಿಸಿದೆವು. ಕೆಲವು ವಾರ ಕಳೆದ ಮೇಲೆ ಅವರೇ ಮುಂದೆ ಹೋದರು. ತಣ್ಣನೆ ಗಾಳಿ ತಾಗಿದ್ದು, ದಿಂಬಿನ ಬಟ್ಟೆಯ ಒರಟು, ನೆತ್ತಿಯಲ್ಲಿ ಸ್ವಲ್ಪ ಬಿಸಿ. ಅಷ್ಟೇ ಇತ್ತು ಅಲ್ಲಿ. 'ಇಷ್ಟೇನಾ' ಅಂತ ಅವರು ಕೇಳಿದರು. ಅಲ್ಲಿಂದ ಮುಂದೆ ಮಾತು ಸುಲಭವಾಯಿತು.

ಮೂರು ನಿಮಿಷದ ಉಸಿರಿನ ಅಭ್ಯಾಸ ಒಂದಿದೆ. ಇದನ್ನು ಮದುವೆ ಛತ್ರದ ಬಾಗಿಲಲ್ಲಿ ನಿಂತು ಮಾಡಬಹುದು. ಮೊದಲು, ಈಗ ಏನಿದೆ ಅಂತ ನೋಡಿಕೊಳ್ಳಿ. 'ಒಳಗೆ ಹೋದ್ರೆ ಎಲ್ಲ ತಿರುಗ್ತಾರೆ' ಅನ್ನುವ ಯೋಚನೆ ಇದೆ. ಹೊಟ್ಟೆಯಲ್ಲಿ ಕಲಕಿದಂತಿದೆ. ಇರಲಿ. ಎರಡನೆಯದಾಗಿ, ಗಮನವನ್ನು ಬರೀ ಉಸಿರಿಗೆ ತನ್ನಿ. ಅದನ್ನು ಆಳ ಮಾಡುವುದು ಬೇಡ, ಎಣಿಸುವುದೂ ಬೇಡ. ಮೂರನೆಯದಾಗಿ, ಗಮನವನ್ನು ಇಡೀ ಮೈಗೆ ಹರಡಿ, ಆಮೇಲೆ ಹೊರಕ್ಕೆ ಬಿಡಿ. ಪಾದದ ಕೆಳಗಿನ ನೆಲ, ನಾದಸ್ವರದ ಶಬ್ದ, ಸಾರಿನ ಒಗ್ಗರಣೆಯ ವಾಸನೆ. ಆಮೇಲೆ ಒಳಗೆ ಹೋಗಿ.

'ಒಳಗೆ ಹೋಗಿ' ಅನ್ನುವುದೇ ಮುಖ್ಯ. ಉಸಿರನ್ನು ನೋಡುತ್ತಾ ಹೊರಗೇ ನಿಂತುಬಿಟ್ಟರೆ ಅದೂ ಇನ್ನೊಂದು ಕ್ಯಾಪ್ ಆಗುತ್ತದೆ. ಭಯ ಪೂರ್ತಿ ಇಳಿಯಲಿ, ಆಮೇಲೆ ಹೋಗ್ತೀನಿ ಅಂದರೆ ಯಾವತ್ತೂ ಹೋಗುವುದಿಲ್ಲ. ಭಯ ಇದ್ದಂತೆಯೇ ಹೋಗಬೇಕು. ಹೋದ ಮೇಲೆ ಗಮನ ಎದುರಿನವರ ಮಾತಿನ ಮೇಲಿರಲಿ. ಚಿಕ್ಕಮ್ಮ ಏನು ಹೇಳುತ್ತಿದ್ದಾರೆ, ಮದುಮಗನ ಊರು ಯಾವುದು. ಗಮನ ತಲೆಗೆ ವಾಪಸ್ ಹೋಗುತ್ತದೆ. ಗೊತ್ತಾದಾಗ ಮತ್ತೆ ತನ್ನಿ. ನೂರು ಸಲ ಹೋದರೆ ನೂರು ಸಲ ತನ್ನಿ. ಅಭ್ಯಾಸ ಅಂದರೆ ಇದೇ.

ವಿಡಿಯೋ ಕಾಲ್ ಮಾಡುವವರು ತಮ್ಮ ಮುಖ ತಮಗೆ ಕಾಣದಂತೆ ಮಾಡುವ ಸೆಟ್ಟಿಂಗ್ ಹುಡುಕಿಕೊಳ್ಳಿ. ಬಚ್ಚಲಿನ ಜಾಲರಿಯಲ್ಲಿ ಸಿಕ್ಕ ಕೂದಲು ಎಣಿಸುವುದನ್ನು ನಿಲ್ಲಿಸಿ. ದಿನಕ್ಕೆ 50ರಿಂದ 100 ಕೂದಲು ಎಲ್ಲರಿಗೂ ಉದುರುತ್ತವೆ. ಎಣಿಕೆ ಆತಂಕವನ್ನು ಹೆಚ್ಚಿಸುತ್ತದೆ, ಅಷ್ಟೇ.

ವಿಗ್ ಹಾಕಬಾರದಾ ಅಂತ ಕೇಳುತ್ತೀರಿ. ಖಂಡಿತ ಹಾಕಿ. ಚೌರಿ, ಸ್ಕಾರ್ಫ್, ಬಿಡಿಸಿದ ಹುಬ್ಬು, ಯಾವುದೂ ತಪ್ಪಲ್ಲ. ಇಷ್ಟಪಟ್ಟು ಹಾಕುವುದಕ್ಕೂ, ಇಲ್ಲದಿದ್ದರೆ ಹಾಲು ತರಲೂ ಹೊರಗೆ ಕಾಲಿಡಲಾಗದು ಅನ್ನುವುದಕ್ಕೂ ವ್ಯತ್ಯಾಸ ಇದೆ. ಎರಡನೆಯದಾದರೆ ನಿಧಾನವಾಗಿ, ನಂಬಿಕೆ ಇರುವ ಒಬ್ಬರ ಎದುರು ಮೊದಲು ತೆಗೆದು ನೋಡಿ.

ಊಟ, ನಿದ್ದೆ ಬಿಟ್ಟುಹೋಗಿದ್ದರೆ, ಬದುಕೇ ಬೇಡ ಅನಿಸುತ್ತಿದ್ದರೆ ಉಸಿರಾಟದ ಅಭ್ಯಾಸಕ್ಕೆ ಕಾಯಬೇಡಿ. ಟೆಲಿ ಮಾನಸ್‌ಗೆ, ಅಂದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಗೆ, 14416ಕ್ಕೆ ಕರೆ ಮಾಡಿ. ಹಗಲು ರಾತ್ರಿ ಇರುತ್ತಾರೆ, ಕನ್ನಡದಲ್ಲಿ ಮಾತಾಡುತ್ತಾರೆ, ದುಡ್ಡು ಕೊಡಬೇಕಾಗಿಲ್ಲ.

ಇನ್ನು ಪ್ರಶ್ನೆಗಳು.

ಒಬ್ಬ ಯುವಕರು ಕೇಳಿದರು: 'ಮೇಡಂ, ದಾರೀಲಿ ಹೋಗೋರೆಲ್ಲ ಏನಾಯ್ತು ಅಂತ ಕೇಳ್ತಾರೆ. ಅವರಿಗೆಲ್ಲ ಎಷ್ಟು ಅಂತ ವಿವರಿಸೋದು?'

ವಿವರಿಸಲೇಬೇಕು ಅಂತೇನೂ ಇಲ್ಲ. ಆದರೆ ಉತ್ತರ ಮೊದಲೇ ಸಿದ್ಧ ಇದ್ದರೆ ಎದೆಬಡಿತ ಕಡಿಮೆಯಾಗುತ್ತದೆ. ಎರಡು ವಾಕ್ಯ ಸಾಕು. 'ಅಲೋಪೇಶಿಯಾ ಅಂತ, ಅಂಟೋ ಕಾಯಿಲೆ ಅಲ್ಲ, ಆರೋಗ್ಯವಾಗಿದ್ದೀನಿ. ನೀವು ಯಾವ ಕಡೆ ಹೊರಟ್ರಿ?' ಉತ್ತರ ಕೊಟ್ಟು ಮಾತು ತಿರುಗಿಸಿ. ಕನ್ನಡಿ ಮುಂದೆ ಬೇಡ, ಮನೆಯವರ ಜೊತೆ ಗಟ್ಟಿಯಾಗಿ ಹೇಳಿ ರೂಢಿ ಮಾಡಿಕೊಳ್ಳಿ. ಹೇಳಲು ಮನಸ್ಸಿಲ್ಲದ ದಿನ 'ಅದೊಂದು ದೊಡ್ಡ ಕಥೆ ಬಿಡಿ' ಅಂದರೂ ಆಯಿತು.

ಕೊನೆಯ ಪ್ರಶ್ನೆ ಒಬ್ಬ ತಾಯಿಯದು. ಮಗಳು ಒಂಬತ್ತನೇ ಕ್ಲಾಸು. ಮೂರು ಕಡೆ ಕೂದಲು ಹೋಗಿದೆ. ಸ್ಕೂಲಿಗೆ ಹೋಗಲ್ಲ ಅಂತ ಹಟ ಹಿಡಿದಿದ್ದಾಳೆ. ಅವಳಿಗೆ ಧ್ಯಾನ ಕಲಿಸಿದರೆ ಸರಿಹೋಗುತ್ತಾ ಅಂತ ಕೇಳಿದರು.

ಅಮ್ಮಾ, ಅವಳಿಗಿಂತ ಮೊದಲು ಸ್ಕೂಲು ಬದಲಾಗಬೇಕು. ಕ್ಲಾಸಿನಲ್ಲಿ ಯಾರೋ ಜಡೆ ಎಳೆದು ನಗುತ್ತಿದ್ದರೆ, ಅದನ್ನು ಸಹಿಸಲು ಮಗುವಿಗೆ ಉಸಿರಾಟ ಕಲಿಸುವುದು ಅನ್ಯಾಯ. ಹೆಡ್‌ಮಿಸ್ ಜೊತೆ ಮಾತಾಡಿ. ಕ್ಯಾಪ್ ಅಥವಾ ಸ್ಕಾರ್ಫ್‌ಗೆ ಒಪ್ಪಿಗೆ ತಗೊಳ್ಳಿ, ಬರೆಸಿಕೊಳ್ಳಿ. ಇದು ಅಂಟುವುದಿಲ್ಲ ಅಂತ ಡಾಕ್ಟರ್ ಚೀಟಿ ಕೊಡಿ. ಕ್ಲಾಸಿನವರಿಗೆ ಹೇಳಬೇಕಾ, ಯಾರು ಹೇಳಬೇಕು, ಅವಳು ಕ್ಲಾಸಿನಲ್ಲಿ ಇರುವಾಗಲೋ ಇಲ್ಲದಿರುವಾಗಲೋ, ಇದನ್ನೆಲ್ಲ ಅವಳೇ ತೀರ್ಮಾನ ಮಾಡಲಿ. ಅವಳ ಪರವಾಗಿ ನೀವು ತೀರ್ಮಾನ ಮಾಡಬೇಡಿ. ಆಮೇಲೆ ದಿನಾ ಹತ್ತು ನಿಮಿಷ ಅವಳ ಜೊತೆ ನೀವೂ ಕೂತು ಅಭ್ಯಾಸ ಮಾಡಿ. ಅವಳನ್ನೊಬ್ಬಳನ್ನೇ ಕೂರಿಸಿದರೆ ಶಿಕ್ಷೆ ಅನಿಸುತ್ತದೆ. ಸೋಮವಾರ ಇಡೀ ದಿನ ಬೇಡ. ಅವಳಿಗೆ ಇಷ್ಟವಾದ ಟೀಚರ್ ಯಾರು ಅಂತ ಕೇಳಿ, ಅವರ ಪೀರಿಯಡ್ ಒಂದಕ್ಕೆ ಹತ್ತಿರದ ಗೆಳತಿಯ ಜೊತೆ ಹೋಗಿ ಬರಲಿ. ಮಂಗಳವಾರ ಏನು ಅನ್ನುವುದನ್ನು ಸೋಮವಾರ ಸಂಜೆ ಅವಳೇ ಹೇಳಲಿ.